ಬಿಗಿಗೈ ಮಾಸ್ಟರು

ಟೇಲರ್ ಮಾಸ್ಟರಿಗೆ ಊರು ಇಟ್ಟ ಹೆಸರು ಬಿಗಿಗೈ. ಗಿರಾಕಿಗೆ ಚಿಲ್ಲರೆ ವಾಪಸು ಕೊಡುವಾಗ ಮಾಸ್ಟರು ಮುಷ್ಟಿಯನ್ನೇನೋ ಧಾರಾಳವಾಗಿ ಮುಂದೆ ಚಾಚುತ್ತಿದ್ದರು, ಆದರೆ ಮುಷ್ಟಿ ಬಿಚ್ಚುತ್ತಿರಲಿಲ್ಲ. ಗಿರಾಕಿ ಅಂಗೈ ಒಡ್ಡಿಕೊಂಡು ನಿಂತಿರಬೇಕು, ಮಾಸ್ಟರು ಪೆಚ್ಚಾಗಿ ನಗಬೇಕು, ಆಮೇಲೆ ಬೆರಳುಗಳು ಒಂದೊಂದಾಗಿ ಒಲ್ಲದ ಮನಸ್ಸಿನಿಂದ ಎದ್ದು ನಾಣ್ಯ ಕೆಳಗೆ ಬೀಳಬೇಕು. "ಪ್ರಾಣ ಬೇಕಾದ್ರೆ ಕೊಟ್ಟಾರು, ಚಿಲ್ಲರೆ ಕೊಡೋಕೆ ಮಾತ್ರ ಕರುಳು ಕಿತ್ತು ಬರುತ್ತೆ ಇವ್ರಿಗೆ" ಎಂದು ಪಕ್ಕದ ಗಡಿಯಾರ ರಿಪೇರಿಯವನು ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದ. ಅದೇ ಮಾಸ್ಟರು ಮಿಕ್ಕ ಬಟ್ಟೆಯ ತುಂಡುಗಳಲ್ಲಿ ಚೀಲ ಹೊಲಿದು ಕೇಳಿದವರಿಗೆಲ್ಲ ಸುಮ್ಮನೆ ಹಂಚುತ್ತಿದ್ದರು. ಗಡಿಯಾರದವನ ಊಟದ ಡಬ್ಬಿ ದಿನವೂ ಬರುತ್ತಿದ್ದುದು ಅಂಥದೇ ಒಂದು ಚೀಲದಲ್ಲಿ. ಅದನ್ನು ಮಾತ್ರ ಅವನು ಒಂದು ದಿನವೂ ಹೇಳಲಿಲ್ಲ. ಊರಿನ ಬಾಯಿಗೆ ಬೀಗ ಹಾಕುವವರು ಯಾರು?

ಅಂಗಡಿ ದೊಡ್ಡದೇನಲ್ಲ. ಎರಡು ಹೊಲಿಗೆ ಮಿಷನ್ನು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಮೂಲೆಯಲ್ಲಿ ಇಸ್ತ್ರಿ ಪೆಟ್ಟಿಗೆ. ಬಾಗಿಲ ಬೆಳಕಿಗೆ ಹಾಕಿದ ಸ್ಟೂಲಿನ ಮೇಲೆ ಮಾಸ್ಟರ ಹೆಂಡತಿ. ಗುಂಡಿ ತೂರಿಸುವ ಕಾಜ ಕಟ್ಟುವುದು, ಗುಂಡಿ ಹೊಲಿಯುವುದು, ಪ್ಯಾಂಟಿನ ಅಂಚು ಮಡಿಸಿ ಕೈಹೊಲಿಗೆ ಹಾಕುವುದು ಅವಳ ಕೆಲಸ. ಅವಳು ಕಟ್ಟಿದ ಕಾಜ ಅಂಗಿ ಹರಿದು ನೆಲ ಒರೆಸುವ ಬಟ್ಟೆಯಾದ ಮೇಲೂ ಬಿಚ್ಚುತ್ತಿರಲಿಲ್ಲ. ಹಾಗಾಗಿ ಅವಳು ಎಲ್ಲರಿಗೂ ಕಾಜದಕ್ಕ. ಗಂಡ ಹೆಂಡತಿ ಇಬ್ಬರೂ ಮುಂಜಾನೆಯಿಂದ ಸಂಜೆಯವರೆಗೆ ಒಂದೇ ಕೋಣೆಯಲ್ಲಿ ಎದುರುಬದುರು ಕೂತು ಅಷ್ಟು ವರ್ಷ ಕಳೆದರೂ ಜಗಳಕ್ಕೆ ಹೊಸ ವಿಷಯ ಸಿಗುತ್ತಿತ್ತು ಎಂಬುದೇ ಆ ದಾಂಪತ್ಯದ ಗಟ್ಟಿತನ.

ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಮಾಸ್ಟರು ಇಸ್ತ್ರಿ ಪೆಟ್ಟಿಗೆಯ ಮೇಲೆ ಅಂಗೈ ಹಿಡಿದು ಕಾಯಿಸಿಕೊಳ್ಳುತ್ತಿದ್ದರು. ಆಮೇಲೆ ದೊಡ್ಡ ಕತ್ತರಿ ಎತ್ತಿಕೊಂಡು ಗಾಳಿಯಲ್ಲೇ ಕಚಕಚ ಎನ್ನಿಸುತ್ತಿದ್ದರು.

"ಬರೀ ಕತ್ತರಿ ಆಡಿಸ್ಬೇಡಿ ರೀ, ಮನೇಲಿ ಜಗಳ ಆಗುತ್ತೆ" ಎನ್ನುತ್ತಿದ್ದಳು ಕಾಜದಕ್ಕ.

"ಆಗ್ಲಿ ಬಿಡೇ, ಹೊತ್ತು ಹೋಗುತ್ತೆ."

ಮೊದಲ ನಾಲ್ಕಾರು ಸಲ ಕತ್ತರಿ ಮುಚ್ಚಿದ ಮೇಲೆ ತೆರೆಯುವುದಕ್ಕೆ ಅವರ ಕೈ ತಿಣುಕುತ್ತಿತ್ತು. ಆಮೇಲೆ ಸಲೀಸು. ಚಳಿಯ ದಿನಗಳಲ್ಲಿ ತಿಣುಕಾಟ ಇನ್ನಷ್ಟು. ಇದೆಲ್ಲ ಅವಳ ಕಣ್ಣೆದುರಿಗೇ ನಡೆಯುತ್ತಿತ್ತು, ಆದರೆ ದಿನಾ ನೋಡುವುದನ್ನು ಯಾರು ನೋಡುತ್ತಾರೆ? ಅವರಪ್ಪನ ಕೈಯೂ ಹಾಗೇ ಇತ್ತಂತೆ. ಬಿಗಿಗೈ ಎಂಬ ಹೆಸರು ಮೊದಲು ಅಂಟಿದ್ದು ಅವರಿಗೇ, ಅಂಗಡಿಯ ಜೊತೆ ಅದೂ ಮಗನಿಗೆ ಬಂತು. ಊರು ಅದನ್ನು ಜಿಪುಣತನ ಎಂದರೆ ಅತ್ತೆಯವರು ಬೇರೆ ಅರ್ಥ ಹೇಳುತ್ತಿದ್ದರು. "ನಮ್ಮ ಮನೆ ಗಂಡಸ್ರು ಹಿಡಿದ ಕೈ ಬಿಡೋರಲ್ಲಮ್ಮ. ಅದು ನಮ್ಮನೆ ಗುಣ" ಎಂದು ಹೊಸ ಸೊಸೆಗೆ ಹೆಮ್ಮೆಯಿಂದ ಹೇಳಿದ್ದರು. ಕಾಜದಕ್ಕ ನಂಬಿದ್ದಳು. ನಂಬುವುದಕ್ಕೆ ಅವಳ ಹತ್ತಿರ ಪುರಾವೆಯೂ ಇತ್ತು.

ಪುರಾವೆ ಎಂದರೆ ಮದುವೆಯಾದ ಹೊಸತರಲ್ಲಿ ಸ್ಟುಡಿಯೋದಲ್ಲಿ ತೆಗೆಸಿದ ಫೋಟೋ. ಮನೆಮಂದಿಯೆಲ್ಲ ಜೊತೆಗೆ ಹೋಗಿದ್ದರು. ಫೋಟೋದವನು "ಸ್ವಲ್ಪ ಕೈ ಹಿಡ್ಕೊಳ್ಳಿ ಸಾರ್, ಜಗಳ ಆಡಿದೋರ ಥರ ನಿಂತಿದೀರಲ್ಲ" ಎಂದ. ಮಾಸ್ಟರು ಹಿಡಿದರು. ಫೋಟೋ ಆಯಿತು, ದೀಪ ಆರಿತು, "ಸಾಕು ಸಾರ್, ಬಿಡಿ" ಎಂದ. ಮಾಸ್ಟರು ಬಿಡಲಿಲ್ಲ. ನಾದಿನಿಯರು ಕಿಸಿಕಿಸಿ ನಕ್ಕರು. ಕೈ ಹಿಡಿದುಕೊಂಡೇ ಮೆಟ್ಟಿಲಿಳಿದರು, ಕೈ ಹಿಡಿದುಕೊಂಡೇ ರಸ್ತೆ ದಾಟಿದರು, ಪೇಟೆಯ ಅಂಗಡಿ ಸಾಲಿನುದ್ದಕ್ಕೂ ನಡೆದು ಬಸ್ ಸ್ಟಾಪಿಗೆ ಬಂದು ನಿಂತರು. ಹಿಂದೆ ಇಡೀ ಮೆರವಣಿಗೆ. ಅವಳ ಕಿವಿ ನಾಚಿಕೆಯಿಂದ ಕಾದು ಹೋಗಿತ್ತು. ಬಸ್ಸು ಬಂದು ಟಿಕೆಟ್ಟಿಗೆ ಜೇಬಿಗೆ ಕೈ ಹಾಕಬೇಕಾದಾಗಲೇ ಅವರು ಅವಳ ಕೈ ಬಿಟ್ಟದ್ದು. "ಬಿಗಿಗೈ ಅಂದ್ರೆ ಇದಪ್ಪ, ಹೆಂಡ್ತೀನೂ ಖರ್ಚು ಮಾಡಲ್ಲ!" ಎಂದು ಭಾವ, ಅಂದರೆ ಮಾಸ್ಟರ ಅಣ್ಣ, ಬಸ್ಸಿನಲ್ಲೆಲ್ಲ ನಗಿಸಿದರು.

ಮಾಸ್ಟರು ಬಾಯಿಬಿಟ್ಟು ಪ್ರೀತಿಯ ಮಾತಾಡಿದವರಲ್ಲ. ಸೀರೆ ತಂದುಕೊಟ್ಟರೂ "ಅಂಗಡೀಲಿ ಉಳಿದಿತ್ತು" ಎಂದು ಕೊಡುವ ಜಾತಿ. ಆದ್ದರಿಂದ ಕಾಜದಕ್ಕ ಆ ಒಂದು ನಡಿಗೆಯನ್ನೇ ಇಟ್ಟುಕೊಂಡು ಬಾಳಿದಳು. ಕಷ್ಟ ಬಂದಾಗ, ಮಾತು ಬಿಟ್ಟಾಗ, ಮಗಳು ಮದುವೆಯಾಗಿ ಬೇರೆ ಊರಿಗೆ ಹೋಗಿ ಮನೆ ಬಿಕೋ ಎಂದಾಗ, ಅವಳು ಮನಸ್ಸಿನಲ್ಲೇ ಸ್ಟುಡಿಯೋದಿಂದ ಬಸ್ ಸ್ಟಾಪಿಗೆ ನಡೆಯುತ್ತಿದ್ದಳು.

ಮಾಸ್ಟರ ಆರೋಗ್ಯ ಒಂದೇ ಸಲ ಕೆಟ್ಟಿದ್ದಲ್ಲ. ಮೊದಲು ಮುಂದಲೆ ಬೋಳಾಯಿತು, ಕೆನ್ನೆ ಒಳಗೆ ಹೋಯಿತು, ರೆಪ್ಪೆ ಜೋತವು. ಮಧ್ಯಾಹ್ನ ಮಿಷನ್ನಿನ ಮೇಲೆ ತಲೆಯಿಟ್ಟು ನಿದ್ದೆ ಹೋಗುವುದು ಶುರುವಾಯಿತು. ನೋಡಿದವರು ಕುಡಿತ ಎಂದರು, ಎಂದೂ ಕುಡಿಯದ ಮನುಷ್ಯನಿಗೆ. ಕಣ್ಣಿಗೆ ಪೊರೆ ಬಂತು, ಅದೂ ಇನ್ನೂ ಮುಪ್ಪು ಬಾರದ ವಯಸ್ಸಿಗೆ. ಕಣ್ಣಿನ ಡಾಕ್ಟರು ಪೊರೆ ತೆಗೆದು ಕಳಿಸಿದರು. ಊಟ ಗಂಟಲಲ್ಲಿ ನಿಲ್ಲುತ್ತದೆ ಎಂದಾಗ ಹೊಟ್ಟೆಯ ಡಾಕ್ಟರು ಗುಳಿಗೆ ಕೊಟ್ಟರು. ಒಬ್ಬರು ತೋಳು ನೋಡಿದರು, ಒಬ್ಬರು ಕಾಲರು ನೋಡಿದರು, ಇದು ಒಂದೇ ಅಂಗಿ ಎಂದು ಯಾರಿಗೂ ಹೊಳೆಯಲಿಲ್ಲ. ಅವರನ್ನು ಬೈದು ಏನು ಬಂತು, ಅಂಥ ಅಂಗಿಯನ್ನು ಅವರಲ್ಲಿ ಹೆಚ್ಚಿನವರು ಜನ್ಮದಲ್ಲಿ ಒಮ್ಮೆಯೂ ಕಂಡಿರಲಿಲ್ಲ.

ಬೀದಿಯ ಡಾಕ್ಟರ ಹತ್ತಿರ ನಡೆದದ್ದು ಮಾತ್ರ ನಗಬೇಕೋ ಅಳಬೇಕೋ ತಿಳಿಯದಂಥದ್ದು. ವರ್ಷಗಳ ಹಿಂದೆ ಒಂದು ಚಳಿಗಾಲದಲ್ಲಿ ಕತ್ತರಿ ಕೈಯಿಂದ ಬಿಡದೆ ಬಟ್ಟೆಯೊಂದು ಅಡ್ಡಾದಿಡ್ಡಿಯಾಗಿ ಕತ್ತರಿಸಿ ಹೋಯಿತು. ಮಾಸ್ಟರಿಗೆ ಹೆದರಿಕೆಯಾಯಿತು. ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಹೋಗಿ, ಸಂಕೋಚದಿಂದ ಕುರ್ಚಿಯ ತುದಿಗೆ ಕೂತು, ದನಿ ತಗ್ಗಿಸಿ ಹೇಳಿದರು:

"ಡಾಕ್ಟ್ರೇ, ಈಚೀಚೆಗೆ ಕೈ ತುಂಬಾ ಬಿಗಿಯಾಗಿದೆ."

ಡಾಕ್ಟರು ಒಳ್ಳೆಯವರು. ಬಡವರ ಮಾನ ಬಲ್ಲವರು. "ಅಯ್ಯೋ, ಅದಕ್ಕೆ ಯಾಕೆ ಅಷ್ಟು ನಾಚ್ಕೋತೀರಿ ಮಾಸ್ಟ್ರೇ? ಈಗ ಯಾರ ಕೈ ಬಿಗಿಯಾಗಿಲ್ಲ ಹೇಳಿ! ನನಗೆ ಫೀಸೇನೂ ಬೇಡ. ಕೆಮ್ಮು ಜ್ವರ ಏನಾದ್ರೂ ಇದೆಯಾ?" ಎಂದು ಬೆನ್ನು ತಟ್ಟಿ, ತಮ್ಮಲ್ಲಿದ್ದ ಟಾನಿಕ್ಕಿನ ಬಾಟಲಿಯನ್ನೂ ಕೊಟ್ಟು ಕಳಿಸಿದರು.

ಹಾಗಲ್ಲ, ನನ್ನ ಬೆರಳೇ ಬಿಚ್ಚುತ್ತಿಲ್ಲ ಎಂದು ಹೇಳಬೇಕಿತ್ತು. ಅಷ್ಟು ದೊಡ್ಡ ಮನಸ್ಸು ಮಾಡಿದವರನ್ನು ತಿದ್ದುವುದು ಹೇಗೆ? ಮಾಸ್ಟರು ಬಾಟಲಿ ಹಿಡಿದುಕೊಂಡು ಹೊರಗೆ ಬಂದರು. ಬೀದಿಯ ತಿರುವು ದಾಟುವವರೆಗೆ ಇಬ್ಬರೂ ತಡೆದುಕೊಂಡರು, ಆಮೇಲೆ ನಿಂತಲ್ಲೇ ಹೊಟ್ಟೆ ಹಿಡಿದು ನಕ್ಕರು. "ನಿಮ್ಮ ಬಿಗಿಗೈ ಡಾಕ್ಟ್ರಿಗೂ ಗೊತ್ತಾಗಿಬಿಟ್ಟಿದೆ!" ಎಂದಳು ಕಾಜದಕ್ಕ. ಎಷ್ಟೋ ದಿನ ಅದನ್ನೇ ಹೇಳಿಕೊಂಡು ನಕ್ಕದ್ದಾಯಿತು. ಮಾಸ್ಟರು ಮತ್ತೆ ಕೈಯ ಮಾತನ್ನು ಯಾವ ಡಾಕ್ಟರ ಹತ್ತಿರವೂ ಎತ್ತಲಿಲ್ಲ.

ಆ ನಡುವೆ ಭಾವ ತೀರಿಕೊಂಡರು. ಹರ್ನಿಯಾಕ್ಕೆ ಸಣ್ಣ ಆಪರೇಷನ್, ಅದಕ್ಕೆಂದು ಕೊಟ್ಟ ಅರಿವಳಿಕೆಯಿಂದ ಅವರು ಏಳಲೇ ಇಲ್ಲ. ಮಾವನವರು ಅದಕ್ಕೂ ಹಿಂದೆ ದಾರಿಯಲ್ಲಿ ನಡೆಯುತ್ತಾ ನಡೆಯುತ್ತಾ ಕುಸಿದು ಹೋಗಿದ್ದರು. ಹಣೆಬರಹ ಎಂದರು ಎಲ್ಲರೂ. ತಿಳಿಯದ್ದಕ್ಕೆಲ್ಲ ಆ ಒಂದು ಮಾತು ಸಾಕಾಗುತ್ತದೆ.

ಒಂದು ದಿನ ಮಾಸ್ಟರು ಬಟ್ಟೆ ಕತ್ತರಿಸುತ್ತಾ ನಿಂತಲ್ಲೇ ಕಣ್ಣು ಕತ್ತಲಿಟ್ಟು ಬಿದ್ದರು. ದೊಡ್ಡಾಸ್ಪತ್ರೆಯಲ್ಲಿ ಎದೆಬಡಿತ ತೀರಾ ನಿಧಾನ ಎಂದರು. ವಾರ್ಡಿನ ಡಾಕ್ಟರಿಗೆ ಆ ಜೋತ ರೆಪ್ಪೆ, ಆ ಮುಖ ನೋಡಿ ಏನೋ ಅನುಮಾನ ಬಂದು, ನರದ ಡಾಕ್ಟರಮ್ಮನ ಹತ್ತಿರ ಕಳಿಸಿದರು.

ಡಾಕ್ಟರಮ್ಮ ನಡುವಯಸ್ಸಿನ ಹೆಂಗಸು. ಅವಸರವೇ ಇಲ್ಲ. ಹೊರಗೆ ಬೆಂಚಿನ ತುಂಬ ಜನ ಕಾಯುತ್ತಿದ್ದರೂ ಬೇರೆ ರೋಗಿಯೇ ಲೋಕದಲ್ಲಿಲ್ಲ ಎನ್ನುವ ಹಾಗೆ ಕೂತಿದ್ದರು. ಅಪ್ಪ ಹೇಗೆ ಹೋದರು, ಅಣ್ಣ ಹೇಗೆ ಹೋದರು, ಅವರಿಗೂ ಬೇಗ ಪೊರೆ ಬಂದಿತ್ತಾ ಎಂದೆಲ್ಲ ಕೇಳಿ ಕೊನೆಗೆ, "ಕೈ ಕಾಲಲ್ಲಿ ಏನಾದ್ರೂ ತೊಂದ್ರೆ ಇದೆಯಾ?" ಎಂದರು.

ಮಾಸ್ಟರು ಹೆಂಡತಿಯ ಮುಖ ನೋಡಿದರು. "ಕೈ ಸ್ವಲ್ಪ ಬಿಗಿ ಡಾಕ್ಟ್ರೇ" ಎಂದು, ತಕ್ಷಣ ಸೇರಿಸಿದರು, "ದುಡ್ಡಿನ ವಿಷಯ ಅಲ್ಲ ಮತ್ತೆ!"

ಡಾಕ್ಟರಮ್ಮ ನಗಲಿಲ್ಲ. "ಬಿಗಿ ಅಂದ್ರೆ? ಏನಾಗುತ್ತೆ, ತೋರಿಸಿ" ಎಂದು ತಮ್ಮ ಕೈ ಚಾಚಿದರು. "ಗಟ್ಟಿಯಾಗಿ ಹಿಡ್ಕೊಳ್ಳಿ. ಹಾಂ. ಈಗ ತಟ್ಟಂತ ಬಿಟ್ಬಿಡಿ."

ಬಿಡಲಾಗಲಿಲ್ಲ. ಮಾಸ್ಟರ ಹಣೆಯಲ್ಲಿ ಬೆವರು ಮೂಡಿತು, ಬೆರಳುಗಳು ಡಾಕ್ಟರಮ್ಮನ ಕೈಯ ಸುತ್ತ ಹಾಗೇ ಕೂತಿದ್ದವು. ಆಮೇಲೆ ಮೆಲ್ಲಗೆ ಬಿಚ್ಚಿಕೊಂಡವು. ಡಾಕ್ಟರಮ್ಮ ಸಣ್ಣ ಸುತ್ತಿಗೆಯಿಂದ ಅವರ ಹೆಬ್ಬೆರಳ ಬುಡಕ್ಕೆ ತಟ್ಟಿದರು. ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಒಳಗೆ ಮಡಚಿಕೊಂಡಿತು. ಬಾಗಿಲ ಬಳಿ ಕೂತಿದ್ದ ಕಾಜದಕ್ಕ ಎದ್ದು ಹತ್ತಿರ ಬಂದು ನೋಡಿದಳು.

ರಕ್ತಪರೀಕ್ಷೆಯ ಫಲ ಬಂದ ದಿನ ಡಾಕ್ಟರಮ್ಮ ರೋಗದ ಹೆಸರು ಹೇಳಿದರು. ಮಯೋಟೋನಿಕ್ ಡಿಸ್ಟ್ರೋಫಿ. ಸಾವಿರಾರು ಜನರಲ್ಲಿ ಒಬ್ಬರಿಗೆ ಬರುವಂಥದ್ದು, ಆದರೆ ಒಂದು ಮನೆಗೆ ಹೊಕ್ಕರೆ ಆ ಮನೆ ಬಿಡದು. ಹಿಡಿದ ಸ್ನಾಯು ಬೇಗ ಸಡಿಲುವುದಿಲ್ಲ, ದಿನ ಕಳೆದಂತೆ ಸವೆಯುತ್ತದೆ, ಕಣ್ಣು, ಹೊಟ್ಟೆ, ನಿದ್ದೆ, ಎದೆ ಎಲ್ಲಕ್ಕೂ ಕೈ ಹಾಕುತ್ತದೆ. ಇಂಥವರಿಗೆ ಅರಿವಳಿಕೆ ಕೊಡುವಾಗ ಬಹಳ ಎಚ್ಚರ ಬೇಕು. ಮಕ್ಕಳಿಗೆ ಬರುವ ಸಂಭವ ಅರ್ಧಕ್ಕರ್ಧ. ವಾಸಿಮಾಡುವ ಮದ್ದು ಇಲ್ಲ. ಎದೆಯೊಳಗೆ ಪುಟ್ಟ ಯಂತ್ರ ಇಟ್ಟರೆ ಬಡಿತ ತಪ್ಪದ ಹಾಗೆ ನೋಡಿಕೊಳ್ಳಬಹುದು, ಬೇಗ ಇಡಿಸಿ. ಕಾಜದಕ್ಕನಿಗೆ ಮಾವನವರೂ ಭಾವನೂ ಒಟ್ಟಿಗೇ ಕಣ್ಣ ಮುಂದೆ ಬಂದರು. ಆದರೆ ಅವಳ ಎದೆಗೆ ನಾಟಿದ್ದು ಡಾಕ್ಟರಮ್ಮ ಸಹಜವಾಗಿ ಆಡಿದ ಇನ್ನೊಂದು ಮಾತು. "ಇದು ಚಿಕ್ಕ ವಯಸ್ಸಲ್ಲೇ ಶುರುವಾಗಿರುತ್ತೆ. ಯಾರದಾದ್ರೂ ಕೈ ಹಿಡಿದ್ರೆ ಇವರಿಗೆ ಬಿಡೋಕಾಗಲ್ಲ, ಜನ ಏನೇನೋ ತಿಳ್ಕೋತಾರೆ."

ಏನೇನೋ ತಿಳಿದುಕೊಂಡವಳು ಆಟೋದಲ್ಲಿ ಇಡೀ ದಾರಿ ಆ ಮಾತನ್ನೇ ತಿರುವಿ ಹಾಕಿದಳು. ಮನೆಗೆ ಬಂದು ಚಪ್ಪಲಿ ಬಿಡುವಾಗ ಕೇಳಿದಳು:

"ಅವತ್ತು ಸ್ಟುಡಿಯೋದಲ್ಲಿ... ನೀವು ಬಿಡ್ಲಿಲ್ವೋ, ಬಿಡೋಕಾಗ್ಲಿಲ್ವೋ?"

ಮಾಸ್ಟರು ಅವಳನ್ನೇ ನೋಡಿದರು. ಪಾಪ, ಅವರಿಗೂ ಆ ದಿನ ಸಾಕಾಗಿತ್ತು. ಅಪ್ಪನಿಂದ ಬಂದ ಗುಣ ಎಂದುಕೊಂಡದ್ದು ರೋಗ ಎಂದು ತಿಳಿದವನ ಹತ್ತಿರ ಉತ್ತರ ಸಿದ್ಧವಾಗಿ ಇರುತ್ತದೆಯೇ? ಇರುವುದು ಅಭ್ಯಾಸದ ತಮಾಷೆ ಮಾತ್ರ. "ಅಳತೆ ತಗೋತಿದ್ದೆ ಕಣೇ" ಎಂದರು.

"ನಿಮಗೆ ಎಲ್ಲದ್ರಲ್ಲೂ ತಮಾಷೆ" ಎಂದು ಅವಳು ಒಳಗೆ ಹೋದಳು.

ಅಲ್ಲಿಂದ ಅವಳು ಮಾತು ಕಡಿಮೆ ಮಾಡಿದಳು. ಕೋಪ ಅವರ ಮೇಲೆ ಅಲ್ಲ ಎಂದು ಅವಳಿಗೇ ಗೊತ್ತಿತ್ತು. ರೋಗ ಬಂದವನ ಮೇಲೆ ಮುನಿಸಿಕೊಳ್ಳುವವರು ಇದ್ದಾರೆಯೇ? ಆದರೂ ಕಾಜ ಕಟ್ಟುವಾಗ ತಲೆಯೆತ್ತಿ ನೋಡಿದರೆ ಎದುರಿಗಿದ್ದ ಆ ಕೈಗಳು ಮೊದಲಿನ ಕೈಗಳಾಗಿ ಕಾಣುತ್ತಿರಲಿಲ್ಲ. ಒಂದೇ ಒಂದು ಒಡವೆಯನ್ನು ಆಯುಷ್ಯವಿಡೀ ಜೋಪಾನ ಮಾಡಿ, ಕೊನೆಗೆ ಅಕ್ಕಸಾಲಿ ಅದನ್ನು ಹಿತ್ತಾಳೆ ಎಂದ ಹಾಗಾಗಿತ್ತು ಅವಳಿಗೆ.

ಯಂತ್ರ ಇಡಲು ಆಸ್ಪತ್ರೆಯವರು ದಿನ ಕೊಟ್ಟರು. ಮಾಸ್ಟರು ಫೋನ್ ಮಾಡಿ ಅದನ್ನು ಮುಂದಿನ ವಾರಕ್ಕೆ ಹಾಕಿಸಿಕೊಂಡರು. ಶಾಲೆ ತೆರೆಯುವ ಹೊತ್ತು, ಯೂನಿಫಾರಂ ರಾಶಿ ಬಿದ್ದಿತ್ತು. "ಮಕ್ಕಳು ಮೊದಲನೇ ದಿನ ಬಣ್ಣದಂಗೀಲಿ ಹೋಗಿ ಬೈಸ್ಕೋಬೇಕಾ?" ಎಂದರು. ಬೇರೆ ಕಾಲವಾಗಿದ್ದರೆ ಕಾಜದಕ್ಕ ಕತ್ತರಿ ಕಿತ್ತೆಸೆದು ಆಸ್ಪತ್ರೆಗೆ ಎಳೆದುಕೊಂಡು ಹೋಗುತ್ತಿದ್ದಳು. ಈಗ "ನಿಮ್ಮಿಷ್ಟ" ಎಂದಳು. ಆ ಮಾತನ್ನು ಅವಳು ಆಮೇಲೆ ಎಷ್ಟು ಸಲ ನುಂಗಲು ನೋಡಿದಳೋ ಲೆಕ್ಕವಿಲ್ಲ.

ಆ ವಾರದೊಳಗೇ ಒಂದು ಮಧ್ಯಾಹ್ನ ಊಟವಾದ ಮೇಲೆ ಮಾಸ್ಟರು ಎಂದಿನಂತೆ ಮಿಷನ್ನಿನ ಮೇಲೆ ತೋಳಿಟ್ಟು ತಲೆಯಿಟ್ಟರು. ಮುಷ್ಟಿಯಲ್ಲಿ ಅಳತೆ ಟೇಪು ಹಾಗೇ ಇತ್ತು. ತಲೆಯಿಡುವ ಮುಂಚೆ, "ಆ ಸ್ಟುಡಿಯೋ ವಿಷಯ... ಹೇಳ್ತೀನಿ ಇರು, ಈ ಯೂನಿಫಾರಂ ಒಂದು ಮುಗೀಲಿ" ಎಂದಿದ್ದರು. ಅವಳು ಹೂಂ ಎನ್ನಲಿಲ್ಲ. ಸ್ವಲ್ಪ ಹೊತ್ತಿಗೆ ಯಾರದೋ ತಾಯಿ ಬಂದು ಮಗುವಿನ ಅಳತೆ ತೆಗೆಯಬೇಕೆಂದಳು. "ಮಲಗಿದಾರೆ, ಎಬ್ಬಿಸೋದು ಬೇಡ, ನಾನೇ ತೆಗೀತೀನಿ" ಎಂದು ಕಾಜದಕ್ಕ ಎದ್ದು ಗಂಡನ ಮುಷ್ಟಿಯಿಂದ ಟೇಪು ಎಳೆದಳು. ನಿದ್ದೆಯಲ್ಲೂ ಎಳೆದರೆ ಬಿಗಿಯಾಗುತ್ತಿದ್ದ ಮುಷ್ಟಿಯಿಂದ ಟೇಪು ತಕ್ಷಣ ಬಂತು. ಒಂದು ಚೂರೂ ಬಿಗಿಯಿಲ್ಲದೆ, ಮೇಜಿನ ಮೇಲಿನ ದಾರದುಂಡೆ ಎತ್ತಿಕೊಂಡಷ್ಟು ಸಲೀಸಾಗಿ ಬಂತು.

ಅವಳು ಮೂಗಿಗೆ ಬೆರಳು ಹಿಡಿದು ನೋಡಲಿಲ್ಲ. ಟೇಪು ಬಂದ ರೀತಿಯಲ್ಲೇ ಗೊತ್ತಾಗಿತ್ತು. ಮಗುವಿನ ತಾಯಿ ಏನಾಯಿತು ಅಕ್ಕ ಎನ್ನುತ್ತಿದ್ದಳು. "ಬಿಟ್ಬಿಟ್ರು" ಎಂದಳು ಕಾಜದಕ್ಕ.

ಜನ ಬಂದರು, ಹೋದರು. ಗಡಿಯಾರದವನು ಎಲ್ಲರಿಗಿಂತ ಜೋರಾಗಿ ಅತ್ತ. ಬೀದಿಯ ಡಾಕ್ಟರು ಬಂದು ಕೈಮುಗಿದು, ಅಂದು ಕೈ ಬಿಗಿ ಎಂದದ್ದು ರೋಗವೆಂದು ತಿಳಿದು, ಬಾಗಿಲಲ್ಲೇ ನಿಂತಿದ್ದು ಹೋದರು. ಅರ್ಧ ಹೊಲಿದ ಯೂನಿಫಾರಂಗಳನ್ನು ಕಾಜದಕ್ಕ ತಾನೇ ಮಿಷನ್ನಿಗೆ ಕೂತು ಮುಗಿಸಿ ಕೊಟ್ಟಳು. ಯಾರು ಏನು ಸಮಾಧಾನ ಹೇಳಿದರೂ ಅವಳೊಳಗೆ ಒಂದೇ ಪ್ರಶ್ನೆ. ಉತ್ತರ ಹೇಳಬೇಕಾದವರು ಇರು ಎಂದು ಹೇಳಿ ಎದ್ದು ಹೋಗಿದ್ದರು.

ಅಪ್ಪ ಹೋದ ಮೇಲೆ ಮಗಳು ಕೆಲವು ದಿನ ಜೊತೆಗಿದ್ದಳು. ಒಂದು ಬೆಳಿಗ್ಗೆ ಬಚ್ಚಲಿನಲ್ಲಿ ನೀರಿನ ಸದ್ದು ನಿಂತಿತು, ಮಗಳು ಹೊರಗೆ ಬರಲಿಲ್ಲ. ಕಾಜದಕ್ಕ ಇಣುಕಿ ನೋಡಿದಳು. ಮಗಳು ನಲ್ಲಿ ತಿರುಪಿ ನಿಲ್ಲಿಸಿ, ನಲ್ಲಿಯನ್ನು ಹಿಡಿದುಕೊಂಡೇ ನಿಂತಿದ್ದಳು, ಗೋಡೆಯ ಕಡೆ ಮುಖ ಮಾಡಿ ಏನೋ ಯೋಚಿಸುವವಳ ಹಾಗೆ. ಎಷ್ಟು ಚೆನ್ನಾಗಿ ನಟಿಸುತ್ತಿದ್ದಳೆಂದರೆ, ಬೇರೆ ಯಾರಾದರೂ ಆಗಿದ್ದರೆ ನಂಬಿಬಿಡುತ್ತಿದ್ದರು.

"ಯಾವಾಗಿಂದ?" ಎಂದಳು ತಾಯಿ.

"ಕಾಲೇಜಿನಿಂದ" ಎಂದಳು ಮಗಳು. "ನಮ್ಮನೆ ಗುಣ ಅಲ್ವಾಮ್ಮ ಅದು? ಅಜ್ಜಿ ಹೇಳ್ತಿದ್ರಲ್ಲ." ನಗಲು ಹೋದಳು, ಆಗಲಿಲ್ಲ.

ಅದೇ ಬೆಂಚು, ಅದೇ ಕೋಣೆ, ಅದೇ ಡಾಕ್ಟರಮ್ಮ. ಅವರು ಮೊದಲು ಮಾಸ್ಟರ ಸುದ್ದಿ ಕೇಳಿ ತಿಳಿದುಕೊಂಡರು. ಆಮೇಲೆ ಮಗಳತ್ತ ಕೈ ಚಾಚಿದರು. "ಗಟ್ಟಿಯಾಗಿ ಹಿಡಿಯಮ್ಮ. ಈಗ ಬಿಡು."

ಕಾಜದಕ್ಕ ಆ ಬೆರಳುಗಳನ್ನೇ ನೋಡಿದಳು. ದೇವರೇ ಬಿಚ್ಚಲಿ, ಬೇಗ ಬಿಚ್ಚಲಿ ಎಂದುಕೊಂಡಳು. ಬೆರಳು ತಡವರಿಸಿದವು, ಆಮೇಲೆ ಬಿಚ್ಚಿಕೊಂಡವು. ಡಾಕ್ಟರಮ್ಮನ ಮುಖ ನೋಡಿದರೇ ಸಾಕಾಗಿತ್ತು, ರಕ್ತಪರೀಕ್ಷೆ ಬರೀ ನೆಪ.

"ನಾವು ಮಗು ಮಾಡ್ಕೋಬೇಕು ಅಂತಿದ್ವಿ ಡಾಕ್ಟರ್" ಎಂದಳು ಮಗಳು.

ಡಾಕ್ಟರಮ್ಮ ಸುಳ್ಳು ಹೇಳಲಿಲ್ಲ. "ಇದು ತಲೆಮಾರು ಇಳಿದ ಹಾಗೆ ಬೇಗ ಬರುತ್ತೆ, ಜೋರಾಗಿ ಬರುತ್ತೆ. ತಾಯಿಯಿಂದ ಬಂದ್ರೆ ಹುಟ್ತಾನೇ ಬರಬಹುದು. ಬರದೇನೂ ಇರಬಹುದು. ಅದನ್ನ ಮೊದಲೇ ನೋಡೋ ಪರೀಕ್ಷೆ ಇದೆ, ಗಂಡನ್ನ ಕರ್ಕೊಂಡು ಬಾ, ಕೂತು ಮಾತಾಡೋಣ. ನಿನ್ನ ಎದೆ ನಾವು ಈಗಿಂದಾನೇ ನೋಡ್ಕೋತೀವಿ. ನಿಮ್ಮಪ್ಪಂಗೆ ಸಿಗದ ಹೊತ್ತು ನಿನಗೆ ಸಿಕ್ಕಿದೆ."

ಮಗಳು ತಲೆಯಾಡಿಸಿದಳು. ಆಗ ಕಾಜದಕ್ಕ, ಬಾಗಿಲ ಬಳಿಯ ಕುರ್ಚಿಯಿಂದ, ಯಾರೂ ನಿರೀಕ್ಷಿಸದ ಪ್ರಶ್ನೆ ಕೇಳಿದಳು.

"ಇಷ್ಟೇ ಹೊತ್ತಾ ಡಾಕ್ಟ್ರೇ?"

"ಏನು?"

"ಕೈ ಬಿಡೋಕೆ. ಈಗ ಇವಳದು ಬಿಡ್ತಲ್ಲ. ಇಷ್ಟೇ ಹೊತ್ತಾ?"

"ಈ ವಯಸ್ಸಲ್ಲಿ ಇಷ್ಟೇ. ಚಳಿ ಇದ್ರೆ ಇನ್ನೊಂಚೂರು. ವಯಸ್ಸಾದ ಹಾಗೆ ಜಾಸ್ತಿಯಾಗುತ್ತೆ, ಆದ್ರೂ ಒಂದು ನಿಮಿಷದೊಳಗೆ ಬಿಟ್ಟೇ ಬಿಡುತ್ತೆ. ಯಾಕೆ?"

"ರಸ್ತೆ ದಾಟಿ, ಪೇಟೆಯೆಲ್ಲಾ ನಡೆದು, ಬಸ್ ಸ್ಟಾಪಿನವರೆಗೂ?"

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. "ಇಲ್ಲಮ್ಮ, ಅಷ್ಟು ಹೊತ್ತು ಹಿಡ್ಕೊಳ್ಳೋದು ಈ ಕಾಯಿಲೆ ಅಲ್ಲ" ಎಂದರು.

ಗಂಡ ಸತ್ತಾಗಲೂ ಅಳದೆ ಯೂನಿಫಾರಂ ಹೊಲಿದ ಹೆಂಗಸು ಆಗ ಅತ್ತಳು. ಸೆರಗು ಬಾಯಿಗೆ ಒತ್ತಿಕೊಂಡು, ಮೈ ಅಲುಗಿ ಹೋಗುವಂತೆ ಅತ್ತಳು. ಮಗಳಿಗಾಗಿ ಅಳುತ್ತಿದ್ದಾಳೆ ಎಂದುಕೊಂಡು ಡಾಕ್ಟರಮ್ಮ ನೀರಿನ ಲೋಟ ಮುಂದಿಟ್ಟರು. ಮಗಳಿಗಾಗಿಯೂ ಹೌದು. ಆದರೆ ಅವಳು ಮನಸ್ಸಿನಲ್ಲಿ ಮತ್ತೆ ಸ್ಟುಡಿಯೋದ ಮೆಟ್ಟಿಲು ಇಳಿಯುತ್ತಿದ್ದಳು. ಮೆಟ್ಟಿಲ ಬುಡ ತಲುಪುವ ಹೊತ್ತಿಗೆ ರೋಗ ಕೈಬಿಟ್ಟಿತ್ತು. ಅಲ್ಲಿಂದ ಮುಂದೆ, ಇಡೀ ರಸ್ತೆ, ಇಡೀ ಪೇಟೆ, ಜನ ನಗುತ್ತಿದ್ದರೂ ಹಿಡಿದುಕೊಂಡು ನಡೆದವರು ಅವರು. ಅದನ್ನು ಹೇಳಬೇಕೆಂದಿದ್ದವರಿಗೆ ಅವಳು ಒಂದು ಹೂಂ ಕೂಡ ಕೊಟ್ಟಿರಲಿಲ್ಲ.

ತಾಯಿ ಮಗಳು ಆಸ್ಪತ್ರೆಯ ಗೇಟು ದಾಟಿ ಹೊರಗೆ ಬಂದರು. ಕಾಜದಕ್ಕ ಮಗಳ ಕೈ ಹಿಡಿದಳು, ಮಗಳೂ ಹಿಡಿದಳು. ವಾಹನಗಳ ನಡುವೆ ರಸ್ತೆ ದಾಟಿದರು, ಔಷಧಿ ಅಂಗಡಿಗಳ ಸಾಲು ದಾಟಿದರು, ಬಸ್ ಸ್ಟಾಪಿನಲ್ಲಿ ನಿಂತರು. ಬಸ್ಸು ಬಂತು.

"ಬಸ್ಸು ಬಂತಮ್ಮ" ಎಂದಳು ಮಗಳು.

"ಅವಸರ ಇಲ್ಲ ಕಣೇ. ನಿನ್ನ ಕೈ ಬಿಡಲಿ, ಆಮೇಲೆ ಹತ್ತೋಣ."

ಮಗಳು ಕೆಳಗೆ ನೋಡಿದಳು. "ನಂದು ಆಗಲೇ ಬಿಟ್ಟಿದೆಯಮ್ಮ. ನೀನೇ ಹಿಡ್ಕೊಂಡಿರೋದು."

"ಹೂಂ" ಎಂದಳು ಕಾಜದಕ್ಕ. "ಗೊತ್ತು."

ಬಸ್ಸು ಹೊರಟಿತು. ಇಬ್ಬರೂ ಅಲ್ಲೇ ನಿಂತಿದ್ದರು.